ಅಲೆಮಾರಿಯ ಋಣ

ಮನೆಯ ಮಮತೆಯನ್ನು ಕಳಚಿ ಸಂಚರಿಸುವವನನ್ನು ನಮ್ಮ ಹಿರಿಯರು ಅನಿಕೇತನೆಂದು ಗೌರವಿಸಿದರು. ಇಂದು ಯುರೋಪಿನಲ್ಲಿ ಇನ್ನೊಂದು ಬಗೆಯ ಅನಿಕೇತರು ಕಾಣಸಿಗುತ್ತಾರೆ. ಒಂದು ತಿಂಗಳು ಲಿಸ್ಬನ್, ಮರುತಿಂಗಳು ಪ್ರಾಗ್ ಎಂದು ತಿರುಗುತ್ತ, ಇದ್ದಲ್ಲಿಂದಲೇ ಕಂಪ್ಯೂಟರಿನ ಮೂಲಕ ದೂರದ ಕಚೇರಿಯ ಕೆಲಸ ಮಾಡುವವರು ಇವರು. ಎಸ್ಟೋನಿಯಾ ದೇಶವು 2020ರಲ್ಲಿ ಇಂಥವರಿಗೆಂದೇ ಪ್ರತ್ಯೇಕ ವೀಸಾ ಏರ್ಪಡಿಸಿತು. ಮನೆಯಿಲ್ಲದ ಮಾತ್ರಕ್ಕೆ ಇವರನ್ನೂ ಅನಿಕೇತರೆನ್ನಬಹುದೇ ಎಂಬುದು ವಿಚಾರಾರ್ಹ.

ನಿವೃತ್ತಿಯ ತರುವಾಯ ನಾವು ದಂಪತಿಗಳು ಆ ಖಂಡದಲ್ಲಿ ಕೆಲವು ವಾರ ರೈಲಿನಲ್ಲಿ ಸಂಚರಿಸಿದೆವು. ಷೆಂಗೆನ್ ಒಪ್ಪಂದವು 1995ರಲ್ಲಿ ಜಾರಿಗೆ ಬಂದಂದಿನಿಂದ ಅನೇಕ ಗಡಿಗಳು ಪಯಣಿಗನಿಗೆ ತಿಳಿಯದಂತೆಯೇ ಹಿಂದೆ ಸರಿಯುತ್ತವೆ. ಆದರೂ ನಮ್ಮಂಥ ಅತಿಥಿಗೆ ಮಿತಿಯುಂಟು: ಯಾವುದೇ 180 ದಿನಗಳಲ್ಲಿ 90 ದಿನ. ಅದಕ್ಕೂ ವೀಸಾ ಬೇಕು, ಕೈಯಲ್ಲಿ ಹಣವಿದೆಯೆಂಬ ಪುರಾವೆ ಬೇಕು.

ಇವೆರಡೂ ಇಲ್ಲದೆ ಶತಮಾನಗಳ ಕಾಲ ಅಲ್ಲಿ ಅಲೆದವರು ರೋಮಾ ಜನ. ಇವರ ಮೂಲ ಭಾರತವೆಂಬುದನ್ನು ಅವರ ಭಾಷೆಯೇ ಸಾರುತ್ತದೆ. ಮನೆಗೆ ಅವರು 'ಖೇರ್' ಎನ್ನುತ್ತಾರೆ. ಅದು ಪ್ರಾಕೃತದ 'ಘರ', ಸಂಸ್ಕೃತದ 'ಗೃಹ'. ದಾರಿಗೆ 'ದ್ರೋಮ್' ಎನ್ನುತ್ತಾರೆ. ಅದು ಗ್ರೀಕರಿಂದ ಬಂದದ್ದು. ಮನೆಯ ಹೆಸರನ್ನು ಇಲ್ಲಿಂದ ಕೊಂಡೊಯ್ದ ಆ ಜನ ದಾರಿಯ ಹೆಸರನ್ನು ದಾರಿಯಲ್ಲಿಯೇ ಪಡೆದರು! ಅವರ ಅಲೆದಾಟವನ್ನು ಸ್ವಾತಂತ್ರ್ಯವೆಂದು ಕವಿಗಳು ಹಾಡಿದ್ದುಂಟು. ವಾಸ್ತವದಲ್ಲಿ ಊರೂರುಗಳು ಅವರನ್ನು ಹೊರಗಟ್ಟಿದವು. ಇಂದಿನ ರುಮೇನಿಯಾದ ಸೀಮೆಗಳಲ್ಲಿ 1850ರ ದಶಕದವರೆಗೂ ಅವರು ಗುಲಾಮರಾಗಿದ್ದರು. ನಾಜಿಗಳು ಅವರಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಮಂದಿಯನ್ನು ಕೊಂದರು. ಇಂದು ಅವರಲ್ಲಿ ಬಹುಪಾಲು ಜನ ನೆಲೆನಿಂತವರೇ ಆದರೂ ಹಳೆಯ ತಿರಸ್ಕಾರವು ಅವರನ್ನು ಬಿಟ್ಟಿಲ್ಲ. ಒಬ್ಬನಿಗೆ ವೀಸಾ, ಇನ್ನೊಬ್ಬನಿಗೆ ಬಹಿಷ್ಕಾರ! ಆದ್ದರಿಂದ ಅಲೆಯುವುದರಲ್ಲಿಯೇ ಹಿರಿಮೆಯಿದೆಯೆಂದು ಹೇಳಲಾಗದು.

ಹಾಗಾದರೆ ಸಂಚಾರಿಯನ್ನು ಯಾವ ಅಳತೆಯಿಂದ ಅಳೆಯಬೇಕು? ಯತಿಯ ಭಿಕ್ಷೆಗೆ ಮಾಧುಕರವೆಂದು ಹೆಸರು. ದುಂಬಿಯು ಒಂದೊಂದು ಹೂವಿನಿಂದ ತೊಟ್ಟು ಮಕರಂದವನ್ನಷ್ಟೇ ಹೀರುವುದರಿಂದ ಯಾವ ಹೂವೂ ಬಾಡುವುದಿಲ್ಲ. ಯತಿಯೂ ಒಂದೇ ಮನೆಗೆ ಹೊರೆಯಾಗದಂತೆ ಹಲವು ಮನೆಗಳಿಂದ ಅಲ್ಪಸ್ವಲ್ಪ ಸ್ವೀಕರಿಸುತ್ತಾನೆ. ಈ ನ್ಯಾಯವನ್ನು ಯುರೋಪಿನ ನಗರಗಳಿಗೆ ಅನ್ವಯಿಸಿ ನೋಡೋಣ. ಸಿರಿವಂತ ದೇಶದ ಸಂಬಳ ಪಡೆಯುವವನು ಕಡಿಮೆ ಸಂಬಳದ ಊರಿನಲ್ಲಿ ಕೇಳಿದಷ್ಟು ಬಾಡಿಗೆ ತೆರಬಲ್ಲ. ಅವನ ಹಣದಿಂದ ಅಲ್ಲಿಯ ಅಂಗಡಿ, ಹೋಟೆಲುಗಳು ನಡೆಯುತ್ತವೆ ಎಂಬುದೂ ಸತ್ಯವೇ. ಆದರೆ ಮನೆಗಳು ಪ್ರವಾಸಿಗರ ಪಾಲಾದಂತೆ, ತಲೆಮಾರುಗಳಿಂದ ಅಲ್ಲಿಯೇ ಬಾಳಿದ ಕುಟುಂಬ ನಗರದ ಅಂಚಿಗೆ ಸರಿಯಬೇಕಾಗುತ್ತದೆ. ಬಾರ್ಸಿಲೋನಾದ ನಗರಾಡಳಿತವು 2028ರ ನವೆಂಬರ್ ಒಳಗೆ ಪ್ರವಾಸಿಗರಿಗೆ ಮೀಸಲಾದ 10,101 ಮನೆಗಳ ಪರವಾನಗಿಯನ್ನು ಕೊನೆಗಾಣಿಸುವುದಾಗಿ 2024ರಲ್ಲಿ ಘೋಷಿಸಿದ್ದು ಈ ಸಂಕಟದಿಂದಲೇ. ತನಗೆ ಮನೆ ಬೇಡವೆಂದವನು ಇನ್ನೊಬ್ಬನ ಮನೆಯನ್ನು ಕಸಿಯುವಂತಾದರೆ ಅದು ವೈರಾಗ್ಯ ಹೇಗಾದೀತು?

ನಮ್ಮ ಮಕ್ಕಳು, ಮೊಮ್ಮಕ್ಕಳು ಈಗ ಆ ದೇಶಗಳಲ್ಲಿ ಸಂಚರಿಸುತ್ತಿದ್ದಾರೆ. ಅವರನ್ನು ತಡೆಯುವ ಕಾರಣವಿಲ್ಲ. ಸಂಚರಿಸುವ ಯತಿಗಳೂ ಚಾತುರ್ಮಾಸ್ಯದಲ್ಲಿ ಒಂದೆಡೆ ನಿಲ್ಲುತ್ತಾರೆ. ಮಳೆಗಾಲದಲ್ಲಿ ಹುಟ್ಟುವ ಕ್ರಿಮಿಕೀಟಗಳೂ ತಮ್ಮ ಕಾಲಿಗೆ ಸಿಕ್ಕಿ ನೋಯಬಾರದೆಂಬ ಎಚ್ಚರ ಅದು. ಅಷ್ಟು ಎಚ್ಚರವನ್ನು ತಾವು ತಂಗಿದ ಬೀದಿಯ ಜನರ ವಿಷಯದಲ್ಲಿಯೂ ವಹಿಸುವಂತೆ ಅವರಿಗೆ ತಿಳಿಹೇಳೋಣ. ತಂಗುವ ಜಾಗಕ್ಕೆ ಪರವಾನಗಿಯಿದೆಯೇ ಎಂದು ವಿಚಾರಿಸಲಿ. ನೆರೆಯವರನ್ನು ಅವರ ಭಾಷೆಯಲ್ಲಿ ನಾಲ್ಕು ಮಾತನಾಡಿಸಲಿ. ತಾವು ಹೊರಟುಬಂದ ಮೇಲೂ ಆ ನೆರೆಯವರು ಅಲ್ಲಿಯೇ ಬಾಳಬೇಕೆಂಬುದನ್ನು ಮರೆಯದಿರಲಿ.