ದಿನದ ಚಿಂತನೆ: ಕಿಟಕಿಯ ಒಳಬದಿ



ಹೋದ ವಾರದ ಓದಿನಲ್ಲಿ ಎದ್ದ ಪ್ರಶ್ನೆ ಇನ್ನೂ ಗುಂಪಿನಲ್ಲಿ ಸುತ್ತುತ್ತಿದೆ. ನಾಲ್ಕು ಜನ ಮೆಚ್ಚಲಿ ಎಂಬ ಆಸೆ ಒಳಗಿದ್ದರೆ ಕೊಟ್ಟದ್ದು ದಾನವಾಗುತ್ತದೆಯೇ? "ಮೊದಲು ಆಸೆ ಹೋಗಬೇಕು, ಆಮೇಲೆ ಕೊಡಬೇಕು" ಎಂದು ಹೆಚ್ಚಿನವರು ಬರೆದಿದ್ದೀರಿ. ನನಗೆ ಒಪ್ಪಲಾಗುತ್ತಿಲ್ಲ. ಕಾರಣ ನಮ್ಮ ಬೀದಿಯ ಕಿಟಕಿಗಳು.

ನಾನಿರುವುದು ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ. 2015ರಲ್ಲಿ ಲೂಸಿ ರೀವ್ಸ್ ಖಾನ್ ಎಂಬುವರು ಈ ಊರಿನಲ್ಲಿ 'ವಿಂಡೋ ವಾಂಡರ್‌ಲ್ಯಾಂಡ್' ಶುರು ಮಾಡಿದರು. ಈಗ ಬೇರೆ ಊರುಗಳಿಗೂ ಹಬ್ಬಿದೆ. ಒಂದೆರಡು ಸಂಜೆ ಬಡಾವಣೆಯ ಜನ ತಮ್ಮ ಮನೆಯ ಬೀದಿಬದಿ ಕಿಟಕಿಯಲ್ಲಿ ಚಿತ್ರ ಮಾಡಿ, ಹಿಂದಿನಿಂದ ದೀಪ ಹಾಕುತ್ತಾರೆ. ಕಪ್ಪು ರಟ್ಟು ಕತ್ತರಿಸಿ, ತೆರವಾದ ಕಡೆ ಗಾಳಿಪಟದ ಕಾಗದದಂಥ ಬಣ್ಣದ ಹಾಳೆ ಅಂಟಿಸಿದರೆ ಆಯಿತು. ನಮ್ಮ ಆಕಾಶಬುಟ್ಟಿಯನ್ನು ಚಪ್ಪಟೆ ಮಾಡಿದಂತೆ. ಜನ ನಕ್ಷೆ ಹಿಡಿದು, ಮಕ್ಕಳನ್ನು ಕರೆದುಕೊಂಡು ನೋಡುತ್ತಾ ನಡೆಯುತ್ತಾರೆ. ಇಲ್ಲಿ ಚಳಿಗಾಲದ ಸಂಜೆ ಎಂದರೆ ಪರದೆ ಎಳೆದ ಮನೆಗಳು. ಗೋಡೆಗೆ ಗೋಡೆ ತಾಗಿದ್ದರೂ ಪಕ್ಕದವರು ಇದ್ದಾರೋ ಇಲ್ಲವೋ ತಿಳಿಯದು. ವರ್ಷವೆಲ್ಲ ಒಳಗಿನವರಿಗೆ ಉರಿದ ದೀಪ ಆ ದಿನ ದಾರಿಹೋಕರಿಗೆ ಉರಿಯುತ್ತದೆ.

ನಾನು ಮಾಡಿದ್ದು ಒಂದು ಕೆರೆ, ಎರಡು ಕೊಕ್ಕರೆ. ಮೂರು ರಾತ್ರಿಯ ಕತ್ತರಿ ಕೆಲಸ. ದೀಪ ಹಾಕಿ ಕುಳಿತರೆ ಚಿತ್ರ ನನಗೆ ಕಾಣುವುದೇ ಇಲ್ಲ! ಒಳಗಿದ್ದವರ ಪಾಲಿಗೆ ರಟ್ಟಿನ ಬೆನ್ನು, ಅಂಟಿನ ಕಲೆ, ಟೇಪು. ತೊಗಲುಗೊಂಬೆ ಆಡಿಸುವವರೂ ಪರದೆಯ ಹಿಂದೆಯೇ ಇರುತ್ತಾರೆ, ಆದರೆ ಅವರಿಗೆ ಜನರ ನಗುವಾದರೂ ಕೇಳಿಸುತ್ತದೆ. ನನಗೆ ಗಾಜಿನಾಚೆಯ ಹೆಜ್ಜೆ ಸದ್ದು, ಅರ್ಧರ್ಧ ಮಾತು ಅಷ್ಟೆ. ಯಾರಾದರೂ ನಿಂತರೆ ಎಷ್ಟು ಹೊತ್ತು ನಿಂತರೆಂದು ಮನಸ್ಸು ಲೆಕ್ಕ ಹಾಕುತ್ತಿತ್ತು. ಒಂದು ಮಗುವಂತೂ ಕೊಕ್ಕರೆ ನೋಡಿ "ಡೈನೋಸಾರ್!" ಎಂದು ಕೂಗಿತು. ಬಾಗಿಲು ತೆಗೆದು ಹೋಗಿ "ಅದು ಕೊಕ್ಕರೆ" ಎನ್ನಬೇಕೆನಿಸಿತು. ಕೊಟ್ಟದ್ದು ನಾನೆಣಿಸಿದಂತೆಯೇ ತಲುಪಬೇಕು ಎಂಬ ಈ ಹಟದ ಬೇರು, ಮೆಚ್ಚುಗೆಯ ಆಸೆಗಿಂತ ಆಳದಲ್ಲಿದೆ ಅನ್ನಿಸುತ್ತದೆ. ಎದ್ದು ಹೋಗಲಿಲ್ಲ. ಮಗು ಡೈನೋಸಾರನ್ನೇ ಮನೆಗೆ ಕೊಂಡೊಯ್ದಿತು.

ಅಂಗುತ್ತರ ನಿಕಾಯದ ಅಟ್ಠಕ ನಿಪಾತದಲ್ಲಿ, ಜನ ಏಕೆ ಕೊಡುತ್ತಾರೆ ಎಂಬುದಕ್ಕೆ ಎಂಟು ಕಾರಣಗಳಿವೆ. ಹೆದರಿ ಕೊಡುವುದು, ಅವರು ಹಿಂದೆ ಕೊಟ್ಟಿದ್ದರೆಂದು ಕೊಡುವುದು, ಮುಂದೆ ಕೊಟ್ಟಾರೆಂದು ಕೊಡುವುದು, ಎಲ್ಲವೂ ಅಲ್ಲಿದೆ. ಏಳನೆಯದು ಒಳ್ಳೆಯ ಹೆಸರು ಬರಲೆಂದು ಕೊಡುವುದು. ಎಂಟನೆಯದು ಚಿತ್ತದ ಅಲಂಕಾರಕ್ಕಾಗಿ ಕೊಡುವುದು. ಎರಡೂ ಅಕ್ಕಪಕ್ಕದಲ್ಲೇ ಇವೆ (ಕ್ರಮದಿಂದ ಹೆಚ್ಚು ಅರ್ಥ ಹಿಂಡುವುದು ಬೇಡ). ಆದರೆ ಹೆಸರಿಗಾಗಿ ಕೊಟ್ಟದ್ದನ್ನೂ ಭಗವಾನ್ ಬುದ್ಧರು ದಾನದ ಲೆಕ್ಕದಿಂದ ಹೊರಗಿಟ್ಟಿಲ್ಲ. ಮನಸ್ಸು ತಿಳಿಯಾಗಲೆಂದು ಕಾದಿದ್ದರೆ ನನ್ನ ಕಿಟಕಿಗೆ ಈಗಲೂ ಪರದೆಯೇ ಇರುತ್ತಿತ್ತು. ಮೊದಲ ಸಂಜೆಯೆಲ್ಲ ಎಣಿಸಿದೆ. ಎರಡನೆಯ ಸಂಜೆ ಎಣಿಕೆ ಬೇಸರವಾಗಿ, ದೀಪ ಉರಿಯಲು ಬಿಟ್ಟು ನಾನೂ ಬೀದಿಗಿಳಿದೆ.

ಬೀದಿಯ ಕೊನೆಯಲ್ಲಿ ಒಂದು ಮನೆ. ನಕ್ಷೆಯಲ್ಲಿ ಅದಕ್ಕೆ ಗುರುತಿರಲಿಲ್ಲ, ಕಿಟಕಿಯಲ್ಲಿ ಚಿತ್ರವೂ ಇರಲಿಲ್ಲ. ಪರದೆ ಸರಿಸಿ, ದೀಪದ ಪಕ್ಕ ವಯಸ್ಸಾದವರೊಬ್ಬರು ಓದುತ್ತಾ ಕುಳಿತಿದ್ದರು. ಜನ ನಿಂತು ಕೈ ಬೀಸುತ್ತಿದ್ದರು. ಅವರು ಪುಸ್ತಕದಿಂದ ತಲೆಯೆತ್ತಿ ತಾವೂ ಕೈ ಬೀಸಿ, ಮತ್ತೆ ಓದಿಗೆ ತೊಡಗುತ್ತಿದ್ದರು. ಎಂಟರಲ್ಲಿ ಅವರದು ಯಾವುದು? ಭಾನುವಾರದ ಓದಿಗೆ ಬರುವವರು ಯೋಚಿಸಿಕೊಂಡು ಬನ್ನಿ.

ಭವತು ಸಬ್ಬ ಮಂಗಲಂ 🪷