ತಿಥಿ ಗೊತ್ತಾದ ಅತಿಥಿ

ಚೆಲುವಾದ ಒಂದು ನಾಡನ್ನು ನೋಡುವ ಹಕ್ಕು ಯಾರಿಗಿದೆ? ಕಣ್ಣಿದ್ದವರಿಗೆಲ್ಲ ಇದೆ ಎಂದು ಯಾರಾದರೂ ಥಟ್ಟನೆ ಹೇಳಿಯಾರು. ಆದರೆ ಈಚೆಗೆ ಕೊಡಗಿನಲ್ಲಿ ನಾಲ್ಕು ಜನ ಸೇರಿದೆಡೆಯಲ್ಲೆಲ್ಲ ಈ ಪ್ರಶ್ನೆಯೇ ಬೇರೆ ಬೇರೆ ವೇಷದಲ್ಲಿ ಕೇಳಿಬರುತ್ತದೆ. ಕುಶಾಲನಗರಕ್ಕೆ ರೈಲು ಬರಬೇಕೆ? ಕೂಡಿಗೆಯಲ್ಲಿ ಸಣ್ಣದೊಂದು ವಿಮಾನನಿಲ್ದಾಣ ಆಗಬೇಕೆ? ಶನಿವಾರ ಬಂದು ಭಾನುವಾರ ಹೊರಡುವ ಕಾರುಗಳಿಗೆ ಮಿತಿ ಬೇಕೆ? ವಾದವೆಲ್ಲ ಮರದ ಮೇಲೆ, ಆನೆಯ ದಾರಿಯ ಮೇಲೆ, ಜಮೀನಿನ ಬೆಲೆಯ ಮೇಲೆ ನಡೆಯುತ್ತದೆ. ಅಡಿಯಲ್ಲಿ ಅವಿತಿರುವುದು ಮಾತ್ರ ನೀತಿಯ ಪ್ರಶ್ನೆ.

ಈ ಪ್ರಶ್ನೆಗೆ ಒಂದು ಸರಕಾರ ಹಿಂದೊಮ್ಮೆ ಕರಾರಿನ ರೂಪದಲ್ಲಿ ಉತ್ತರ ಕೊಟ್ಟದ್ದುಂಟು. 1950ರ ಮೇ 20ರಂದು ಇಂಗ್ಲೆಂಡಿನ ಗ್ಯಾಟ್ವಿಕ್ಕಿನಿಂದ ಒಂದು ಡಕೋಟ ವಿಮಾನ ಕಾರ್ಸಿಕಾ ದ್ವೀಪದ ಕಾಲ್ವಿ ಎಂಬ ಊರಿಗೆ ಹೋಯಿತು. ಮರುವರ್ಷ ಡಿಸೆಂಬರ್ 25ರಂದು ಬಜ್ಪೆಯ ನಿಲ್ದಾಣ ತೆರೆದಾಗ ನೆಹರೂ ಅವರು ಬಂದಿಳಿದದ್ದೂ ಅದೇ ಜಾತಿಯ ವಿಮಾನದಲ್ಲಿ. ಕಾಲ್ವಿಯ ಪ್ರಯಾಣವನ್ನು ಏರ್ಪಡಿಸಿದವನು ವ್ಲಾಡಿಮಿರ್ ರೈಟ್ಸ್ ಎಂಬ ತರುಣ, ರಷ್ಯಾದಲ್ಲಿ ಹುಟ್ಟಿ ಲಂಡನ್ನಿನಲ್ಲಿ ನೆಲೆಸಿದವನು. ವಿಮಾನವನ್ನು ಇಡಿಯಾಗಿ ಗುತ್ತಿಗೆ ಹಿಡಿದು, ಹೋಗಿಬರುವ ಖರ್ಚು, ಗುಡಾರದಲ್ಲಿ ವಸತಿ, ಊಟ ಎಲ್ಲವನ್ನೂ ಸೇರಿಸಿ ಅವನು ಕೇಳಿದ ಬೆಲೆ 32 ಪೌಂಡು 10 ಷಿಲಿಂಗು. ಊಟದಲ್ಲಿ ಮಾಂಸವೂ ಇತ್ತೆಂಬುದು ಆಗಿನ್ನೂ ಮಾಂಸಕ್ಕೆ ಪಡಿತರವಿದ್ದ ಬ್ರಿಟನ್ನಿನವರಿಗೆ ಸಣ್ಣ ಆಕರ್ಷಣೆಯಲ್ಲ. ಸರಕಾರ ಅನುಮತಿಯನ್ನೇನೋ ಕೊಟ್ಟಿತು. ಜತೆಗೆ ಒಂದು ಕರಾರು ಹಾಕಿತು. ಉಪಾಧ್ಯಾಯರು ಮತ್ತು ವಿದ್ಯಾರ್ಥಿಗಳು ಮಾತ್ರ ಹೋಗಬಹುದು!

ಎಷ್ಟು ಉದಾತ್ತವಾದ ಕರಾರು! ವಿದ್ಯಾವಂತರು ಅಗ್ಗವಾಗಿ ಲೋಕ ನೋಡಲಿ. ಉಳಿದವರು ಪೂರ್ತಿ ದುಡ್ಡು ತೆತ್ತು ನೋಡಲಿ, ಇಲ್ಲವೆ ಮನೆಯಲ್ಲಿರಲಿ. ನಿಜವಾಗಿ ಅಲ್ಲಿದ್ದ ಚಿಂತೆ ಸರಕಾರಿ ವಿಮಾನಸಂಸ್ಥೆಯ ಏಕಸ್ವಾಮ್ಯದ್ದು. ಸುಖಕ್ಕೆ ಅರ್ಹತೆಯನ್ನು ಕೇಳುವವರ ಕಿಸೆಯಲ್ಲಿ ಬಹುಮಟ್ಟಿಗೆ ಬೇರೆ ಯಾವುದೋ ಚೀಟಿ ಇರುತ್ತದೆ.

ನಮ್ಮ ಕಿಸೆಯನ್ನೂ ಒಮ್ಮೆ ತಡವಿ ನೋಡಬೇಕು. ಕೊಡಗಿಗೆ ಹೊರಗಿನವರು ಬಂದದ್ದು ನಿನ್ನೆ ಮೊನ್ನೆಯಲ್ಲ. 1850ರ ದಶಕದಿಂದ ಇಂಗ್ಲಿಷ್ ದೊರೆಗಳು ಬಂದು ಕಾಡು ಕಡಿದು ಕಾಫಿ ಹಾಕಿದರು. ಅವರ ಬಂಗಲೆಗಳನ್ನು ಇಂದಿಗೂ ನಾವು ಅಭಿಮಾನದಿಂದ ತೋರಿಸುತ್ತೇವೆ. ಉಳ್ಳವರು ನೆಂಟರ ತೋಟದಲ್ಲಿ ವಾರಗಟ್ಟಲೆ ತಂಗಿ ಹೋದಾಗ ನಾಡು ಹಾಳಾಯಿತೆಂದು ಯಾರೂ ಹೇಳಲಿಲ್ಲ. ಬೆಂಗಳೂರಿನ ಕಾರ್ಖಾನೆಯೊಂದರ ಕೆಲಸಗಾರ ಬಾಡಿಗೆ ವ್ಯಾನಿನಲ್ಲಿ ಹೆಂಡತಿ ಮಕ್ಕಳನ್ನು ಅಬ್ಬಿ ಜಲಪಾತಕ್ಕೆ ಕರೆತಂದು, ರಾಜಾಸೀಟಿನಲ್ಲಿ ಪುಳಿಯೋಗರೆಯ ಡಬ್ಬಿ ಬಿಚ್ಚಿದಾಗ ಮಾತ್ರ ನಮಗೆ ಪ್ರಕೃತಿಯ ನೆನಪಾಗುತ್ತದೆ. ಇದು ನ್ಯಾಯವಲ್ಲ. ಜನಸಂದಣಿಯ ಮೇಲಿನ ಸಿಟ್ಟಿನಲ್ಲಿ ಅರ್ಧದಷ್ಟಾದರೂ ಜನರ ಮೇಲಿನ ತಾತ್ಸಾರವೇ.

ಹಾಗಾದರೆ ಎಲ್ಲರೂ ಬರಲಿ ಎಂದು ಬಿಟ್ಟುಬಿಡೋಣವೆ? ಇಲ್ಲಿ ಗುತ್ತಿಗೆ ವಿಮಾನದ ಲೆಕ್ಕವನ್ನು ಸ್ವಲ್ಪ ನೋಡಬೇಕು. ನಿತ್ಯಸೇವೆಯ ವಿಮಾನ ಜನ ಬಂದಾರೆಂದು ಕಾಯುತ್ತದೆ. 1980ರ ದಶಕದಲ್ಲಿ ಮೈಸೂರಿನ ಮಂಡಕಳ್ಳಿಯಿಂದ ಹಾರುತ್ತಿದ್ದ ವಾಯುದೂತದ ಸಣ್ಣ ವಿಮಾನ ಕೆಲವು ವರ್ಷ ಕಾದು 1990ರ ಹೊತ್ತಿಗೆ ನಿಂತೇಹೋಯಿತು. ಗುತ್ತಿಗೆ ವಿಮಾನ ಹಾಗಲ್ಲ. ಜನರನ್ನು ಕೂಡಿಹಾಕಿಕೊಂಡೇ ಏಳುತ್ತದೆ. ಅದರ ಅಗ್ಗವೆಲ್ಲ ಆಸನ ತುಂಬುವುದರಲ್ಲಿದೆ. ಒಂದು ತಂಡವನ್ನು ಇಳಿಸಿ ಇನ್ನೊಂದನ್ನು ಹೊತ್ತು ಮರಳಬೇಕು. ಖಾಲಿ ಕುರ್ಚಿಯೆಂದರೆ ನಷ್ಟ. ಆದ್ದರಿಂದ ವಿಮಾನಕ್ಕೆ ತಕ್ಕಷ್ಟು ಮಂಚ, ಮಂಚಕ್ಕೆ ತಕ್ಕಷ್ಟು ನೀರು, ನೀರಿಗೆ ತಕ್ಕಷ್ಟು ಕೊಳವೆಬಾವಿ. ಊರಿಗೆ ಎಷ್ಟು ಜನ ಹಿಡಿಸುತ್ತಾರೆಂದು ಕೇಳುವವರಿಲ್ಲ. ಕುರ್ಚಿಗಳೆಷ್ಟೆಂದು ಎಣಿಸಿದರೆ ಆಯಿತು. ಗೋವೆಯಲ್ಲಿ 1980ರ ದಶಕದಲ್ಲಿ ಜರ್ಮನಿಯ ಗುತ್ತಿಗೆ ವಿಮಾನಗಳು ಇಳಿಯತೊಡಗಿದಾಗ ಊರಿನ ಕೆಲವರು ಪ್ರತಿಭಟನೆಗೆ ಇಳಿದದ್ದು ಪ್ರವಾಸಿಗರ ಮೇಲಿನ ಹಗೆಯಿಂದ ಎನ್ನುವುದಕ್ಕಿಂತ ಈ ಲೆಕ್ಕದ ಭಯದಿಂದ ಎಂದು ನನಗೆ ತೋರುತ್ತದೆ.

ಕೊಡಗಿಗೆ ವಿಮಾನ ಬಂದಿಲ್ಲ, ನಿಜ. ಆದರೆ ಬಾರದೆಯೂ ಅದರ ಲೆಕ್ಕ ಬಂದುಬಿಟ್ಟಿದೆ. 2018ರ ಡಿಸೆಂಬರ್ 9ರಂದು ಮಟ್ಟನ್ನೂರಿನಲ್ಲಿ ಕಣ್ಣೂರು ನಿಲ್ದಾಣ ತೆರೆಯಿತು. ಮಾಕುಟ್ಟದ ಘಾಟಿ ಹತ್ತಿದರೆ ವಿರಾಜಪೇಟೆ. 2023ರ ಮಾರ್ಚಿಯಲ್ಲಿ ಬೆಂಗಳೂರು–ಮೈಸೂರು ಹೆದ್ದಾರಿ ಉದ್ಘಾಟನೆಯಾಗಿ ಶನಿವಾರದ ದಾರಿ ಇನ್ನಷ್ಟು ಮೊಟಕಾಯಿತು. ವಸತಿ, ಊಟ, ಜೀಪು, ಜಲಪಾತ ಎಲ್ಲಕ್ಕೂ ಒಂದೇ ಬೆಲೆ, ಮುಂಗಡ ಪಾವತಿ.

ತಿಥಿಯಿಲ್ಲದೆ ಬರುವವನು ಅತಿಥಿ ಎಂದು ಹಿಂದಿನವರು ವಿವರಿಸುತ್ತಾರೆ. ಐನ್‌ಮನೆಯ ಕಯ್ಯಾಲೆ ಇದ್ದದ್ದು ಅಂಥವನಿಗಾಗಿ. ಈಗ ಬರುವವನಿಗೆ ಬರುವ ತಿಥಿಯೂ ಗೊತ್ತು, ಹೊರಡುವ ತಿಥಿಯೂ ಗೊತ್ತು. (ತಿಥಿ ಎಂಬ ಮಾತಿಗೆ ನಮ್ಮಲ್ಲಿ ಇನ್ನೊಂದು ಅರ್ಥವಿದೆ, ಅದನ್ನು ಇಲ್ಲಿ ಎತ್ತುವುದು ಬೇಡ.) ಕಾಫಿಯ ಬೆಲೆ ಬಿದ್ದ ಕಾಲದಲ್ಲಿ ಎಷ್ಟೋ ಮನೆಗಳನ್ನು ಉಳಿಸಿದ್ದು ಈ ಹೊಸ ಅತಿಥಿಯೇ ಎಂಬುದನ್ನು ಮರೆಯಬಾರದು. ಆತನಲ್ಲಿ ನಾನು ಕಾಣುವ ಕುಂದು ಬೇರೆ. ಮೊದಲೇ ಎಲ್ಲ ತೆತ್ತವನಿಗೆ ಇನ್ನು ತನ್ನ ಮೇಲೆ ಋಣವಿಲ್ಲವೆಂದು ತೋರುತ್ತದೆ. ತುಲಾ ಸಂಕ್ರಮಣಕ್ಕೆ ತಲಕಾವೇರಿಗೆ ಬರುವ ಯಾತ್ರಿಕರ ಗುಂಪೇನು ಚಿಕ್ಕದೆ? ಅವರೂ ಕಸ ಬಿಸುಟುತ್ತಾರೆ, ನೂಕಾಡುತ್ತಾರೆ. ಆದರೆ ಭಾಗಮಂಡಲದಲ್ಲಿ ಮಿಂದು ಬೆಟ್ಟ ಹತ್ತುವವನಿಗೆ ತಾನು ಪಡೆಯಲು ಬಂದವನೆಂಬ ಅರಿವಿರುತ್ತದೆ. ತಂಬಿಗೆಯಷ್ಟು ತೀರ್ಥಕ್ಕೆ ಅವನು ಕೈಯೊಡ್ಡುತ್ತಾನೆ. ಒಂದೇ ಬೆಲೆಯ ಪ್ರವಾಸಿಗೆ ಆ ಅರಿವನ್ನು ಯಾರೂ ಕೊಟ್ಟಿಲ್ಲ. ಅವನು ತೆತ್ತದ್ದರಲ್ಲಿ ಇಳಿಜಾರಿನ ಬೆಲೆ ಸೇರಿಲ್ಲವೆಂದು ಅವನಿಗೆ ತಿಳಿಯುವುದಾದರೂ ಹೇಗೆ? ಮಾರಿದವನೇ ಅದನ್ನು ಪಟ್ಟಿಯಲ್ಲಿ ಕಾಣಿಸಿಲ್ಲ.

2018ರ ಆಗಸ್ಟಿನಲ್ಲಿ ಆ ಪಟ್ಟಿ ಬೆಟ್ಟದಿಂದಲೇ ಇಳಿದುಬಂತು. ಕಾರಣ ಅತಿವೃಷ್ಟಿ, ಇಳಿಜಾರುಗಳನ್ನು ಕತ್ತರಿಸಿದ್ದೂ ಸೇರಿತೆಂದು ಭೂವಿಜ್ಞಾನಿಗಳು ಹೇಳಿದರು. ತೆತ್ತವರು ಜೋಡುಪಾಲ, ಮಕ್ಕಂದೂರು ಕಡೆಯ ಊರಿನವರು. ಆಮೇಲೆ ಕೆಲವು ವಾರ ಪ್ರವಾಸಿಗರು ಬರಕೂಡದೆಂದು ಜಿಲ್ಲಾಡಳಿತ ತಡೆಯಿತು. ರಸ್ತೆಗಳು ಮೌನವಾದವು, ಬಹಳ ಜನ ಬಯಸುತ್ತಿದ್ದ ಮೌನ. ಆದರೆ ಆ ಮೌನದಲ್ಲಿ ಜೀಪಿನ ಚಾಲಕನಿಗೆ, ವಸತಿಗೃಹದ ಅಡಿಗೆಯವಳಿಗೆ ಕೂಲಿ ಇರಲಿಲ್ಲ. ಬೆಟ್ಟ ಜಾರಿದರೆ ಮನೆ ಕಳೆದುಕೊಳ್ಳುವವಳು, ಜನ ಬಾರದಿದ್ದರೆ ಊಟ ಕಳೆದುಕೊಳ್ಳುವವಳು ಎಷ್ಟೋ ಸಲ ಒಬ್ಬಳೇ. ಕೂಡಿಗೆಯ ವಿಮಾನನಿಲ್ದಾಣದ ಪರವಾಗಿಯೂ ವಿರುದ್ಧವಾಗಿಯೂ ಭಾಷಣಗಳನ್ನು ನಾನು ಕೇಳಿದ್ದೇನೆ. ಅವಳನ್ನು ವೇದಿಕೆಯ ಮೇಲೆ ಕರೆದು, ಎಷ್ಟು ಜನ ಬರಲಮ್ಮ ಎಂದು ಕೇಳಿದ್ದನ್ನು ಮಾತ್ರ ಇನ್ನೂ ಕಂಡಿಲ್ಲ.