ಒಳಗಿನ ಬಿಡುಗಡೆ

ಪುರಾತನವಾದ ದೇವಾಲಯವು ಜೀರ್ಣವಾದಾಗ ಭಕ್ತರು ಒಂದುಗೂಡಿ, ಕಲ್ಲುಮರಗಳನ್ನು ತಂದು, ಗರ್ಭಗುಡಿಯನ್ನು ನೂತನಗೊಳಿಸಿ, ಬ್ರಹ್ಮಕಲಶಾಭಿಷೇಕವನ್ನು ನೆರವೇರಿಸುವರು. ಇದು ಪುಣ್ಯಕಾರ್ಯವೇ ಸರಿ. ಆದರೆ ಹೊಸ ಗುಡಿಯೊಳಗೆ ಹಳೆಯ ಮನಸ್ಸನ್ನೇ ಹೊತ್ತು ಬಂದವನಿಗೆ ದೊರೆಯುವ ಫಲವೇನು? ಆತನ ಕಾಲು ದೇವರಿಗೆ ಪ್ರದಕ್ಷಿಣೆ ಬರುತ್ತಿರುವುದು. ಮನಸ್ಸು ನೆರೆಯವನ ಬೇಲಿಯನ್ನು ಸುತ್ತುತ್ತಿರುವುದು. ಕೈ ಮುಗಿದಿರುವುದು, ಚಿತ್ತವು ಅಡಿಕೆಯ ಧಾರಣೆಯನ್ನೋ ಸಾಲದ ಬಡ್ಡಿಯನ್ನೋ ಎಣಿಸುತ್ತಿರುವುದು. ಇಂತಹವನು ಯಾರ ಸೆರೆಯಲ್ಲಿಯೂ ಇಲ್ಲದಿದ್ದರೂ ಸ್ವತಂತ್ರನಲ್ಲ.

ಕನ್ನಡದಲ್ಲಿ ‘ಬಿಡುಗಡೆ’ ಎಂದೂ ಮಲೆಯಾಳದಲ್ಲಿ ‘ಮೋಚನಂ’ ಎಂದೂ ಹೇಳುವುದು ಒಂದನ್ನೇ. ಆದರೆ ಬಿಡಬೇಕಾದುದು ಯಾವುದನ್ನು? ಹೆಂಡಿರು ಮಕ್ಕಳನ್ನೋ, ತೋಟ ಮನೆಗಳನ್ನೋ? ಹಾಗಾದರೆ ಸಂಸಾರಿಗೆ ಬಿಡುಗಡೆಯೇ ಇಲ್ಲವೆಂದಾಗುವುದು.

ಭಗವದ್ಗೀತೆಯ ಆರನೆಯ ಅಧ್ಯಾಯವು ಈ ಸಂಶಯವನ್ನು ಪರಿಹರಿಸುತ್ತದೆ. ಅಲ್ಲಿ ಧ್ಯಾನಯೋಗವನ್ನು ಕೇಳುತ್ತಿರುವವನು ಸಂನ್ಯಾಸಿಯಲ್ಲ, ರಣರಂಗದ ನಡುವೆ ನಿಂತ ಗೃಹಸ್ಥನು. ಊಟ, ನಿದ್ರೆ, ದುಡಿಮೆಗಳಲ್ಲಿ ಮಿತಿಯಿರಬೇಕೆಂದು ಭಗವಂತನು ಆತನಿಗೆ ಉಪದೇಶಿಸುತ್ತಾನೆ. ಮನಸ್ಸನ್ನು ಹಿಡಿಯುವುದು ಗಾಳಿಯನ್ನು ಹಿಡಿದಷ್ಟು ಕಷ್ಟವೆಂದು ಅರ್ಜುನನು ಮೊರೆಯಿಟ್ಟಾಗ, ಕಷ್ಟವೆಂಬುದನ್ನು ಭಗವಂತನು ಅಲ್ಲಗಳೆಯುವುದಿಲ್ಲ. ಅಭ್ಯಾಸ, ವೈರಾಗ್ಯಗಳೆಂಬ ಎರಡು ಸಾಧನಗಳನ್ನು ತೋರಿಸಿಕೊಡುತ್ತಾನೆ. ಪತಂಜಲಿ ಮಹರ್ಷಿಗಳು ಯೋಗಸೂತ್ರಗಳಲ್ಲಿ ಹೇಳಿರುವುದೂ ಈ ಎರಡನ್ನೇ.

ಇದಕ್ಕೆ ಕಾಸರಗೋಡಿನ ನಾಡಿನಲ್ಲಿಯೇ ಉತ್ತಮ ನಿದರ್ಶನವುಂಟು. 1884ರಲ್ಲಿ ಹೊಸದುರ್ಗದಲ್ಲಿ ಜನಿಸಿದ ವಿಟ್ಠಲರಾಯರು ನೂಲಿನ ಗಿರಣಿಗಳಲ್ಲಿ ದುಡಿದು, ಮಂಗಳೂರಿನಲ್ಲಿ ಬಟ್ಟೆಗೆ ಬಣ್ಣ ಹಾಕುವ ಉದ್ಯಮವನ್ನು ಕೈಗೊಂಡು, ವ್ಯವಹಾರದ ಚಿಂತೆಗಳಿಂದ ಬಳಲಿ, ರಾಮನಾಮದಲ್ಲಿ ಆಸರೆ ಕಂಡರು. ತಂದೆ ಬಾಲಕೃಷ್ಣರಾಯರು ಹದಿಮೂರು ಅಕ್ಷರಗಳ ರಾಮಮಂತ್ರವನ್ನು ಮಗನಿಗೆ ಉಪದೇಶಿಸಿದರು. 1922ರ ಕೊನೆಯಲ್ಲಿ ಮನೆಯಿಂದ ಹೊರಟು ರಾಮದಾಸರಾದ ಅವರು, ತಿರುವಣ್ಣಾಮಲೆಯಲ್ಲಿ ರಮಣ ಮಹರ್ಷಿಗಳ ದರ್ಶನ ಪಡೆದು, ಅರುಣಾಚಲದ ಗುಹೆಯೊಂದರಲ್ಲಿ ಸುಮಾರು ಮೂರು ವಾರ ನಾಮಜಪದಲ್ಲಿ ಮುಳುಗಿದರು. ಹೊರಬಂದಾಗ ಕಂಡುದೆಲ್ಲವೂ ರಾಮಮಯವಾಗಿತ್ತು. 1931ರಲ್ಲಿ ಹುಟ್ಟೂರಿನ ಬಳಿ, ಕಾಞಂಗಾಡಿನಲ್ಲಿ, ಆನಂದಾಶ್ರಮವನ್ನು ಸ್ಥಾಪಿಸಿ, 1963ರಲ್ಲಿ ದೇಹವನ್ನು ಬಿಟ್ಟರು.

‘ಅವರು ಮನೆಯನ್ನು ಬಿಟ್ಟರಲ್ಲವೇ?’ ಎಂದು ಯಾರಾದರೂ ಕೇಳಬಹುದು. ಕೇಳತಕ್ಕ ಮಾತೇ ಅದು. ಮಡದಿ ಮಗಳಿದ್ದ ಮನೆಯನ್ನು ಬಿಟ್ಟು ನಡೆಯುವುದು ಹಗುರವಾದ ಕಾರ್ಯವಲ್ಲ. ಎಲ್ಲರಿಗೂ ವಿಹಿತವೂ ಅಲ್ಲ. ಆದರೆ ಅವರಿಗೆ ಮಂತ್ರವನ್ನು ಕೊಟ್ಟ ಗುರುವು ಸಂಸಾರವಂದಿಗನಾದ ತಂದೆಯೇ ಎಂಬುದನ್ನು ಮರೆಯಲಾಗದು. ಮನೆಯ ದೀಪದಿಂದಲೇ ಗುಹೆಯ ದೀಪವು ಹೊತ್ತಿಕೊಂಡಿತು. ಆದುದರಿಂದ ಬಿಡಬೇಕಾದುದು ಮನೆಯನ್ನಲ್ಲ, ‘ನನ್ನದು’ ಎಂಬ ಹಿಡಿತವನ್ನು.

ಗೃಹಸ್ಥನು ಪ್ರಾತಃಕಾಲದಲ್ಲಿ ತೋಟಕ್ಕೆ ಹೊರಡುವ ಮುನ್ನ ಸ್ವಲ್ಪ ಹೊತ್ತು ಬೆನ್ನನ್ನು ನೆಟ್ಟಗಿರಿಸಿ, ಉಸಿರನ್ನು ಬಲವಂತಪಡಿಸದೆ, ಇಷ್ಟದೈವದ ನಾಮದಲ್ಲಿ ಮನಸ್ಸನ್ನಿಡಲಿ. ಮನಸ್ಸು ಓಡುವುದು. ಅದನ್ನು ಬೈದು ಫಲವಿಲ್ಲ. ಬೇಲಿ ದಾಟಿದ ಕರುವನ್ನು ಹಟ್ಟಿಗೆ ಕರೆತರುವಂತೆ ಕರೆತರಬೇಕು. ನೂರು ಸಲ ಓಡಿದರೆ ನೂರು ಸಲ ಕರೆತರಬೇಕು. ಇದೇ ಅಭ್ಯಾಸ. ಸಿಟ್ಟು ಬಂದಾಗ ಅದರ ಆಜ್ಞೆಯಂತೆ ನಡೆಯದಿರುವುದೇ ವೈರಾಗ್ಯದ ಮೊದಲ ಮೆಟ್ಟಿಲು. ಬೇಲಿಯ ತಗಾದೆಯನ್ನು ನ್ಯಾಯದಿಂದ ಬಗೆಹರಿಸಿಕೊಳ್ಳುವುದು ಧರ್ಮವೇ. ಆದರೆ ಅದು ಊಟದ ಎಲೆಗೂ, ಮಲಗುವ ಚಾಪೆಗೂ, ದೇವರ ನಡೆಗೂ ಬೆನ್ನಟ್ಟಿ ಬಾರದಂತಾದರೆ ಅದೇ ಒಳಗಿನ ಬಿಡುಗಡೆ.

ಶಿಲ್ಪಿಗಳು ಕಟ್ಟಿದ ಗುಡಿಗೆ ಮತ್ತೆ ನೂರು ವರ್ಷದಲ್ಲಿ ಜೀರ್ಣೋದ್ಧಾರ ಬೇಕಾದೀತು. ಹೃದಯವೆಂಬ ಗುಡಿಗಾದರೋ ದಿನದಿನವೂ ಬೇಕು. ಅಲ್ಲಿ ನಾಮವೇ ಕಲಶ, ಧ್ಯಾನವೇ ಅಭಿಷೇಕ. ಸನ್ನಿಧಿಗೆ ಬರುವ ಭಕ್ತರೆಲ್ಲರಿಗೂ ಶ್ರೀದೇವರು ಆ ಭಾಗ್ಯವನ್ನು ಕರುಣಿಸಲಿ.